ಬೊಳ್ಳನ ಪಥ್ಯ

ನಾಯಿ ಆಹಾರದ ಹೊಸ ಚೀಲಕ್ಕೆ ಕತ್ತರಿ ಹಾಕಿದಾಗ ಬರುವ ವಾಸನೆಯನ್ನು ನೀವು ಮೂಸಿದ್ದೀರೋ ಇಲ್ಲವೋ ತಿಳಿಯದು. ಒಣಮೀನಿನ ಡಬ್ಬಿಯಲ್ಲಿ ಯಾರೋ ಬಿಸ್ಕತ್ತು ಇಟ್ಟು ಮರೆತ ಹಾಗಿರುತ್ತದೆ. ಇವತ್ತು ಮಧ್ಯಾಹ್ನ ಮಣಿಪಾಲದ ನಮ್ಮ ಫ್ಲ್ಯಾಟಿನಲ್ಲಿ ಅಂಥದೊಂದು ಚೀಲ ಒಡೆದು ಲೂಸಿಯ ಬಟ್ಟಲಿಗೆ ಸುರಿದೆ. ಲೂಸಿ ಮೂಸಿದಳು, ನನ್ನನ್ನು ನೋಡಿದಳು, ಆಮೇಲೆ ಒಲೆಯ ಮೇಲಿದ್ದ ಬಂಗುಡೆ ಮೀನಿನ ಸಾರಿನ ಕಡೆಗೆ ಮುಖ ಮಾಡಿ ಕೂತುಬಿಟ್ಟಳು. ಮೂತ್ರಪಿಂಡ ಸೋತಿದೆ, ಇನ್ನು ಮುಂದೆ ಇದೇ ಆಹಾರ ಎಂದು ಡಾಕ್ಟರು ಹೇಳಿದ್ದು ಅವಳಿಗೇನು ಗೊತ್ತು? ನನಗೆ ಕಾಪುವಿನ ಬೊಳ್ಳ ನೆನಪಾದ.

ಬೊಳ್ಳ ನನ್ನ ದೊಡ್ಡಮ್ಮನ ನಾಯಿ. ನಾನು ಉಡುಪಿಯಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಕಾರ್ಕಳದ ನಮ್ಮ ಮನೆಯಿಂದ ದಿನಾ ಬಸ್ಸಿನಲ್ಲಿ ಓಡಾಡುವುದು ಬೇಡವೆಂದು ಕಾಪುವಿನ ದೊಡ್ಡಮ್ಮನ ಮನೆಯಲ್ಲೇ ಇದ್ದೆ. ಅಲ್ಲಿ ಮೀನಿಲ್ಲದೆ ಊಟವಿಲ್ಲ. ಮೀನಿನವಳ ಸ್ಕೂಟರ್ ತಿರುವಿನಲ್ಲಿ ಹಾರ್ನ್ ಹಾಕಿದರೆ ಸಾಕು, ಗೇಟಿನ ಹತ್ತಿರ ಇಬ್ಬರು ಹಾಜರು: ಒಬ್ಬ ಬೊಳ್ಳ, ಇನ್ನೊಬ್ಬರು ನಮ್ಮ ದೊಡ್ಡಪ್ಪ. ಯಾರು ಮೊದಲು ತಲುಪುತ್ತಿದ್ದರು ಎಂದು ಹೇಳಿದರೆ ದೊಡ್ಡಪ್ಪನ ಮರ್ಯಾದೆ ಹೋಗುತ್ತದೆ, ಬಿಡಿ.

ಹೀಗಿರುವಾಗ ಬೊಳ್ಳ ಸೊರಗಿದ. ಉಡುಪಿಯ ಪಶುವೈದ್ಯರು ಈಗ ಲೂಸಿಗೆ ಬಂದಿರುವ ರೋಗವನ್ನೇ ಹೇಳಿದರು. ಮೀನು, ಉಪ್ಪು, ಸಾರನ್ನ ಎಲ್ಲ ಬಂದ್. ಚೀಲದ ಆಹಾರ ತಿಂದರೆ ಇನ್ನಷ್ಟು ಕಾಲ ಬದುಕುತ್ತಾನೆ, ಇಲ್ಲದಿದ್ದರೆ ಇಲ್ಲ. ದೊಡ್ಡಮ್ಮ ಚೀಲವನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದರು.

ಬೊಳ್ಳ ಮೂಸಿಯೂ ನೋಡಲಿಲ್ಲ. ಗಂಜಿನೀರಿನಲ್ಲಿ ನೆನೆಸಿದರು, ನೀರುದೋಸೆಯಲ್ಲಿ ಸುತ್ತಿದರು, ಬಾಣಲೆಯಲ್ಲಿ ಹುರಿದರು. ಅವನು ದೋಸೆ ತಿಂದು ಒಳಗಿನ ಕಾಳುಗಳನ್ನು ಒಂದೊಂದಾಗಿ ಉಗುಳಿದ. ಮನೆಯಲ್ಲಿ ತುಳು ಮಾತಾಡುವ ದೊಡ್ಡಮ್ಮ ಈ ವಿಷಯದಲ್ಲಿ ಮಾತ್ರ ಕನ್ನಡಕ್ಕೆ ಇಳಿಯುತ್ತಿದ್ದರು. ಡಾಕ್ಟರು ಕನ್ನಡದಲ್ಲಿ ಹೇಳಿದ್ದಲ್ಲವೇ! "ಬೊಳ್ಳ, ಇದು ನಿನ್ನ ಆರೋಗ್ಯಕ್ಕೆ ಒಳ್ಳೆಯದುಂಟು. ದಯವಿಟ್ಟು ತಿನ್ನು," ಎಂದು ಸಭೆಯಲ್ಲಿ ಮಾತಾಡುವವರ ಹಾಗೆ ಬೇಡಿಕೊಳ್ಳುತ್ತಿದ್ದರು. ದೊಡ್ಡಪ್ಪ ಒಂದು ಕಾಳನ್ನು ತಾವೇ ಬಾಯಿಗೆ ಹಾಕಿ ನೋಡಿ, "ಎಂತ ಮಾರಾಯ್ತಿ ಇದು? ಸ್ವಲ್ಪ ಮೆಣಸಿನ ಹುಡಿಯಾದರೂ ಬೇಡವಾ?" ಎಂದರು. ನಾನು ನಕ್ಕೆ. ದೊಡ್ಡಮ್ಮ ನಗಲಿಲ್ಲ. ಬೊಳ್ಳನ ಪಕ್ಕೆಲುಬು ಕಾಣಿಸತೊಡಗಿತ್ತು.

ಸೋಮವಾರ ಬಂತು. ಸೋಮವಾರ ಆ ಮನೆಯಲ್ಲಿ ಮೀನು ಒಲೆಗೇರುವುದಿಲ್ಲ; ಸೌತೆಕಾಯಿ ಹುಳಿ, ಹಪ್ಪಳ, ಅಷ್ಟೆ. ನಾವು ಉಣ್ಣುತ್ತಿದ್ದಾಗ ಹಿಂದಿನ ಜಗಲಿಯಿಂದ ಕುರುಕುರು ಸದ್ದು ಕೇಳಿಸಿತು. ಬೊಳ್ಳ ಬಟ್ಟಲು ಖಾಲಿ ಮಾಡುತ್ತಿದ್ದ! "ಇವ ಶಿವಭಕ್ತ," ಎಂದರು ದೊಡ್ಡಪ್ಪ. ಮಂಗಳವಾರ ಮನೆಯಲ್ಲಿ ಮೀನು ಬೆಂದಿತು, ಬೊಳ್ಳ ಮತ್ತೆ ಮುಷ್ಕರ ಹೂಡಿದ. ಮುಂದಿನ ಸೋಮವಾರ ಪುನಃ ತಿಂದ.

ದೊಡ್ಡಮ್ಮ ಯೋಚಿಸಿ ತೀರ್ಪು ಕೊಟ್ಟರು: "ಇನ್ನು ಈ ಮನೆಗೆ ದಿನಾ ಸೋಮವಾರ."

"ನಾಯಿಗೆ ಸೌಖ್ಯ ಇಲ್ಲದಿದ್ದರೆ ನನಗೆ ಪಥ್ಯವಾ?" ಎಂದು ದೊಡ್ಡಪ್ಪ ಕೂಗಾಡಿದರು.

"ನಾವು ಅದರ ಎದುರು ಚಪ್ಪರಿಸಿಕೊಂಡು ಉಣ್ಣುವುದು, ಅದಕ್ಕೆ ಮಾತ್ರ ಬೇಡ ಎನ್ನುವುದು. ಅದಕ್ಕೆ ಹೇಗಾಗಬೇಡ, ನೀವೇ ಹೇಳಿ."

ದೊಡ್ಡಪ್ಪ ಎದ್ದು ಅಂಗಿ ಹಾಕಿಕೊಂಡರು. ಕೆಲಸವಿದೆ ಎಂದು ಉಡುಪಿಗೆ ಹೋಗಿ ಹೋಟೆಲಿನಲ್ಲಿ ಮೀನೂಟ ಮಾಡಿ ಬಂದರು. ಎರಡು ಸಲ ಸೋಪು ಹಾಕಿ ಕೈ ತೊಳೆದಿದ್ದರಂತೆ. ಬೊಳ್ಳ ಬಾಗಿಲಲ್ಲೇ ಆ ಕೈಯನ್ನು ಬಹಳ ಹೊತ್ತು ಮೂಸಿದ, ಮೂಲೆಗೆ ಹೋಗಿ ಮಲಗಿದ, ಆ ಸಂಜೆ ಬಟ್ಟಲು ಮುಟ್ಟಲಿಲ್ಲ. ದೊಡ್ಡಪ್ಪನ ಮುಖ ಸಣ್ಣದಾಯಿತು. ಆಮೇಲೆ ಅವರಿಗೆ ಉಡುಪಿಯಲ್ಲಿ ಕೆಲಸ ಬೀಳಲಿಲ್ಲ. ಮೀನಿನವಳು ಗೇಟಿನಲ್ಲಿ ನಿಂತು, "ಎಂತ ಅಮ್ಮಾ, ಹರಕೆಯಾ?" ಎಂದು ಕೇಳಿದರೆ, "ಹಾಗೇ ಅಂತ ತಿಳ್ಕೊ," ಎಂದು ದೊಡ್ಡಪ್ಪನೇ ಉತ್ತರಿಸುತ್ತಿದ್ದರು.

ಬೊಳ್ಳ ಮುಂದಿನ ಮಳೆಗಾಲವನ್ನೂ ಕಂಡ, ದೀಪಾವಳಿಯ ಪಟಾಕಿಗೆ ಮಂಚದಡಿ ಅಡಗಿಯೂ ಕೂತ. ಆಮೇಲೆ ಒಂದು ಬೆಳಗ್ಗೆ ಏಳಲಿಲ್ಲ. ಕೆಲವು ದಿನ ಕಳೆದ ಮೇಲೆ ದೊಡ್ಡಮ್ಮ, ಪಾಪ ಇವರು ಎಷ್ಟು ಕಾಲ ಬಾಯಿ ಕಟ್ಟಿಕೊಂಡರು ಎಂದು, ಒಳ್ಳೆಯ ಅಂಜಲ್ ಮೀನು ಕೊಂಡು ಹುರಿದು ಬಡಿಸಿದರು. ದೊಡ್ಡಪ್ಪ ತಟ್ಟೆಯನ್ನು ನೋಡುತ್ತ ಕೂತರು. ಆಮೇಲೆ ತುಂಡನ್ನು ಪಕ್ಕಕ್ಕೆ ಸರಿಸಿ, "ಇವತ್ತು ಸೋಮವಾರ ಅಲ್ವಾ?" ಎಂದರು.

ಅಂದು ಗುರುವಾರ. ದೊಡ್ಡಮ್ಮ ಒಳಗೆ ಹೋಗಿ ಅವರಿಗೆ ಮಜ್ಜಿಗೆ ತಂದರು.

ಈ ಕಥೆಯನ್ನು ನಾನು ಮೀನಿನವಳ ಹರಕೆಯ ಮಾತಿನವರೆಗೆ ಮಾತ್ರ ಹೇಳಿ ಎಷ್ಟೋ ಜನರನ್ನು ನಗಿಸಿದ್ದೇನೆ. ಇವತ್ತು ಲೂಸಿಯ ತುಂಬಿದ ಬಟ್ಟಲಿನ ಎದುರು ನಿಂತಾಗ ನಗು ಬರಲಿಲ್ಲ, ಹೆದರಿಕೆಯಾಯಿತು. ಬಂಗುಡೆ ಸಾರನ್ನು ಪಾತ್ರೆ ಸಮೇತ ಪಕ್ಕದ ಮನೆಗೆ ಕೊಟ್ಟು, ಕಿಟಕಿಗಳನ್ನೆಲ್ಲ ತೆರೆದಿಟ್ಟೆ. ಗಂಡನಿಗೂ ನನಗೂ ತೊವ್ವೆ, ಉಪ್ಪಿನಕಾಯಿ. ಅವರು ನನ್ನ ಮುಖ ನೋಡಿ, ಅನ್ನಕ್ಕೆ ತೊವ್ವೆ ಕಲಸಿಕೊಂಡರು.

ಲೂಸಿ ಬಂದು ನಮ್ಮಿಬ್ಬರ ತಟ್ಟೆಯನ್ನೂ ಮೂಸಿದಳು, ಕೈಯನ್ನೂ ಮೂಸಿದಳು. ನಿಟ್ಟುಸಿರು ಬಿಟ್ಟು ಹೋದಳು. ಸ್ವಲ್ಪ ಹೊತ್ತಿನಲ್ಲಿ ಮೂಲೆಯಿಂದ ಒಂದೇ ಒಂದು ಕಾಳು ಮುರಿದ ಸದ್ದು ಬಂತು. ಗಂಡ ತಿರುಗಲು ಹೊರಟರು. ನಾನು ಅವರ ಕೈ ಹಿಡಿದೆ. ಇಬ್ಬರೂ ತುತ್ತು ನುಂಗದೆ, ಎರಡನೆಯ ಕಾಳಿಗಾಗಿ ಕಾದೆವು.