ಮಮ್ಮಿಗೆ ಎತ್ತಿದ ಆರತಿ

ನನ್ನ ಗಂಡ ಈಜಿಪ್ಟಿನ ಸತ್ತ ರಾಜನಾದದ್ದು ಮಾರಿಸ್‌ಟೌನಿನ ಒಂದು ಚರ್ಚಿನ ಹಾಲಿನಲ್ಲಿ, ಭಾನುವಾರ ಊಟಕ್ಕೆ ಸ್ವಲ್ಪ ಮುಂಚೆ. ವೈ-ಟು-ಕೆ ಕಂಪ್ಯೂಟರ್ ಕೆಲಸಕ್ಕೆಂದು ಎಲ್ಲರೂ ಅಮೆರಿಕಕ್ಕೆ ಬಂದಿಳಿದಿದ್ದ ಕಾಲ. ಕನ್ನಡ ಕೂಟದ ಮಕ್ಕಳಿಗೆ ಶಾಲೆಯಲ್ಲಿ ಪ್ರಾಚೀನ ನಾಗರಿಕತೆಗಳ ಪಾಠ ನಡೆಯುತ್ತಿತ್ತು. ದೊಡ್ಡವರು ಅದನ್ನೇ ನಾಟಕ ಮಾಡಿ ತೋರಿಸೋಣವೆಂದರು.

ಪಾತ್ರ ಹಂಚಿದ್ದು ವೀಸಾ ನೋಡಿ. ಹಾಗೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಸಿಟಿಜನ್ ಆಗಿದ್ದ ಡಾಕ್ಟರ್ ಅಂಕಲ್ ಫೇರೋ ಎಂಬ ರಾಜ, ಗ್ರೀನ್ ಕಾರ್ಡಿನವರು ಪುರೋಹಿತರು, ಎಚ್-ಒನ್ ವೀಸಾದವರೆಲ್ಲ ಪಿರಮಿಡ್ಡಿಗೆ ಥರ್ಮೋಕೋಲಿನ ಕಲ್ಲು ಹೊರುವವರು.

"ಆ್ಯಕ್ಟಿಂಗೇ ಬೇಡ, ಆಫೀಸಲ್ಲಿ ಮಾಡೋದೇ ಮಾಡಿದ್ರಾಯ್ತು" ಎಂದಿದ್ದರು ನನ್ನ ಗಂಡ.

ಎರಡನೆಯ ದೃಶ್ಯದಲ್ಲಿ ಫೇರೋ ಸಾಯಬೇಕು. ಡಾಕ್ಟರ್ ಅಂಕಲ್ ಒಪ್ಪಲಿಲ್ಲ. "ರಾಜ ಆಗ್ತೀನ್ರಪ್ಪ, ಹೆಣ ಆಗಲ್ಲ." ಹೀಗೆ ಸತ್ತ ನಂತರದ ರಾಜನ ಪಾತ್ರ ನಮ್ಮ ಮನೆಗೆ ಬಂತು. ಮಾತಿಲ್ಲ, ಮಲಗಿದ್ದರೆ ಸಾಕು ಎಂದು ಇವರಿಗೆ ಖುಷಿಯೇ.

ಹಳೆಯ ಪಂಚೆಗಳನ್ನು ಪಟ್ಟಿಪಟ್ಟಿಯಾಗಿ ಹರಿದು ಇವರನ್ನು ಈಜಿಪ್ಟಿನ ಮಮ್ಮಿಯ ಹಾಗೆ ಸುತ್ತಿದರು. ಕೈಗಳನ್ನು ಎದೆಗೆ ಬಿಗಿದರು. ಬಾಯನ್ನೂ ಮುಚ್ಚಿ ಮೂಗಿನ ಹೊಳ್ಳೆ ಮಾತ್ರ ಬಿಟ್ಟು, ಮೇಜಿನ ಮೇಲೆ ಮಲಗಿಸಿದರು. ಆಗ ಮುಂದಿನ ಸಾಲಿನಿಂದ ಧಾರವಾಡದ ಆಂಟಿ ಎದ್ದರು.

"ತಡೀರಿ. ಜೀವಂತ ಮನಿಷ್ಯಾನ್ನ ಬಿಳಿ ಅರಿವ್ಯಾಗ ಸುತ್ತಿ ಮಲಗಿಸ್ತಾರೇನು?"

"ಆಂಟಿ, ನಾಟಕ ಇದು."

"ನಾಟಕಕ್ಕೂ ದೋಷ ಅದ. ಹೇಂತಿ ಎದುರಿಗೇ ಕೂತಾಳ. ಆರತಿ ಎತ್ತೂಣು, ಮುತ್ತೈದೇರು ಬರ್ರಿ."

ಗಣಪತಿ ಪೂಜೆಯ ತಟ್ಟೆ, ಕರ್ಪೂರ ಅಲ್ಲೇ ಇದ್ದವು. ಮಮ್ಮಿಯ ಹಣೆಗೆ ಬಟ್ಟೆಯ ಮೇಲೆಯೇ ಕುಂಕುಮವಿಟ್ಟರು. ನಾನೂ ಎದ್ದು ನಿಂತೆ. ಆಂಟಿ ಹಾಡುತ್ತಾ ತಟ್ಟೆಯನ್ನು ಮುಖದಿಂದ ಕಾಲಿನವರೆಗೆ ಬೆಳಗಿದರು. ಕಾಲಿನ ಹತ್ತಿರ ತಟ್ಟೆ ವಾಲಿತು. ಉರಿಯುವ ಕರ್ಪೂರ ಜಾರಿ ಪಂಚೆಯ ಮೇಲೆ ಬಿತ್ತು.

ಇವರು ತಲೆ ಎತ್ತಿ "ಮ್‌ಮ್" ಎಂದರು. ಸಭೆಗೆ ಸಭೆಯೇ ಚಪ್ಪಾಳೆ ತಟ್ಟಿತು. ಮೈಕಿನ ಹುಡುಗಿ, ರಾಜ ಪರಲೋಕದಲ್ಲಿ ಏಳುವ ತನ್ನ ಸಾಲು ಓದಿದಳು: "ನೌ ದ ಕಿಂಗ್ ವೇಕ್ಸ್ ಅಪ್ ಇನ್ ದಿ ಆಫ್ಟರ್‌ಲೈಫ್." ಇವರು ಎರಡೂ ಕಾಲು ಬಡಿದರು. ಚಪ್ಪಾಳೆ ಇನ್ನೂ ಜೋರಾಯಿತು. ನನ್ನ ಹಿಂದೆ ಯಾರೋ, "ಎಫೆಕ್ಟ್ ಸೂಪರ್ ಕಣ್ರೀ" ಎಂದರು. ಜ್ವಾಲೆ ಮೊಣಕಾಲಿನ ಕಡೆಗೆ ಹರಿಯುತ್ತಿತ್ತು. ಈ ಭಾಗವೇ ನನ್ನ ತಲೆಯಲ್ಲಿ ಇನ್ನೂ ತಿರುಗುತ್ತದೆ: ಮನುಷ್ಯನೊಬ್ಬ ಸುಡುತ್ತಿದ್ದಾನೆ, ಅಷ್ಟೂ ಜನ ಮೆಚ್ಚಿಕೊಳ್ಳುತ್ತಿದ್ದಾರೆ.

ಪಕ್ಕದ ಊಟದ ಮೇಜಿನ ಮೇಲಿದ್ದ ನೀರುಮಜ್ಜಿಗೆಯ ಪಾತ್ರೆ ಕೈಗೆ ಸಿಕ್ಕಿತು. ಅಷ್ಟನ್ನೂ ಕಾಲಿನಿಂದ ಮುಖದವರೆಗೆ ಸುರಿದೆ. ಬೆಂಕಿ ಚುರ್ರೆಂದು ಆರಿತು. ಹೊಗೆಗೆ ಅಲಾರಂ ಕಿರುಚತೊಡಗಿತು. ಕಿರೀಟ ತೊಟ್ಟೇ ಓಡಿಬಂದ ಫೇರೋ, ಅಂದರೆ ಡಾಕ್ಟರ್ ಅಂಕಲ್, ಕತ್ತರಿಯಿಂದ ಬಾಯಿಯ ಪಟ್ಟಿ ಕತ್ತರಿಸಿದರು. ಕಾಲಿಗೆ ಬೊಕ್ಕೆ ಎದ್ದಿತ್ತು, ಜೀವಕ್ಕೇನೂ ಆಗಿರಲಿಲ್ಲ. ಕೆನ್ನೆಯ ಮೇಲೆ ಕರಿಬೇವು ಅಂಟಿಸಿಕೊಂಡು ಇವರು ಹೇಳಿದ ಮೊದಲ ಮಾತು, "ಉಪ್ಪು ಜಾಸ್ತಿ ಆಗಿದೆ."

"ನೋಡ್ರಿ" ಎಂದರು ಧಾರವಾಡದ ಆಂಟಿ ಎಲ್ಲರಿಗೂ ಕೇಳುವಂತೆ, "ಆರತಿ ಎತ್ತಿದ್ದಕ್ಕ ಉಳದ."

ಕೆಲವರು ತಲೆಯಾಡಿಸಿದರು.

ರಜೆಯ ಬೆಳಿಗ್ಗೆ ಇವರು ಕಂಫರ್ಟರನ್ನು ಮುಖದವರೆಗೆ ಹೊದ್ದು ಮಲಗಿದರೆ ನಾನು ಈಗಲೂ ಕೆಳಗೆಳೆಯುತ್ತೇನೆ.

"ಇದ್ದೀನಿ ಕಣೇ" ಎನ್ನುತ್ತಾರೆ ಕಣ್ಣು ಬಿಡದೆ.

"ಇರಿ. ಬಾಯಿ ಹೊರಗಿಟ್ಟುಕೊಂಡು ಇರಿ."