ಅಚ್ಚಿನ ತಪ್ಪನ್ನೂ ಬಿಡದೆ ಒಪ್ಪಿಸಿದಳು

೧೯೮೧ನೇ ಇಸವಿಯ ಸೆಪ್ಟೆಂಬರ್ ತಿಂಗಳು. ನನಗಾಗ ಇಪ್ಪತ್ತೊಂಬತ್ತು ವರ್ಷ. ತಿಪಟೂರಿನ ಹೈಸ್ಕೂಲೊಂದರಲ್ಲಿ ವಿಜ್ಞಾನದ ಟೀಚರಾಗಿದ್ದ ನಾನು ಕೆಲಸಕ್ಕೆ ರಾಜೀನಾಮೆ ಕೊಟ್ಟು ಇಂಗ್ಲೆಂಡಿಗೆ ಹೊರಟಿದ್ದೆ. ಓದುವುದಕ್ಕಲ್ಲ, ಮದುವೆಯಾಗಿ ಗಂಡನ ಜೊತೆಗೂ ಅಲ್ಲ. ಅಲ್ಲಿನ ಒಂದು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ನಡುವೆ ಕ್ರೈಸ್ತ ಸೇವೆ ಮಾಡುವುದಕ್ಕೆ.

ಕೇಳಿದವರೆಲ್ಲ ನಕ್ಕರು. ಅವರದೇನೂ ತಪ್ಪಿಲ್ಲ. ನಮ್ಮ ಕಡೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರನ್ನೂ ಸೇರಿಸಿ ಹುಡುಕಿದರೂ ಕ್ರೈಸ್ತರ ಮನೆಗಳು ಕೆಲವೇ ಕೆಲವು. ನಮ್ಮಪ್ಪ ತುರುವೇಕೆರೆಯಲ್ಲಿ ಕಾಂಪೌಂಡರ್ ಆಗಿದ್ದವರು, ನಿವೃತ್ತರಾದ ಮೇಲೆ ತಿಪಟೂರಿನಲ್ಲಿ ಮನೆ ಮಾಡಿದ್ದರು. ನಾನು ಬೇಸಿಗೆ ರಜೆಯಲ್ಲಿ ಬೆಂಗಳೂರಿಗೆ ಹೋಗಿ ಕಾಲೇಜು ಹುಡುಗಿಯರಿಗೆ ಬೈಬಲ್ ತರಗತಿ ನಡೆಸುತ್ತಿದ್ದೆ. ಒಮ್ಮೆ ಅಲ್ಲಿಗೆ ಬಂದಿದ್ದ ಇಂಗ್ಲೆಂಡಿನ ಪಾದ್ರಿಯೊಬ್ಬರು, "ನಮ್ಮೂರಿನ ವಿಶ್ವವಿದ್ಯಾಲಯಕ್ಕೆ ಆಫ್ರಿಕಾ, ಏಷ್ಯಾ ಕಡೆಯಿಂದ ತುಂಬಾ ಮಕ್ಕಳು ಬರುತ್ತಾರೆ. ನಮ್ಮ ಹತ್ತಿರ ಅವರು ಬಾಯಿ ಬಿಡುವುದಿಲ್ಲ. ನೀವು ಬಂದರೆ ಬಿಡಬಹುದು" ಎಂದು ಕರೆದಿದ್ದರು. ಮೊದಲು ಒಂದು ವರ್ಷ ಅಂತ ಮಾತಾಯಿತು. ಆಮೇಲೆ ನೋಡಿಕೊಂಡು ಮುಂದಿನದು.

ಹೊರಡುವ ದಿನ ಪಕ್ಕದ ಮನೆಯ ಗೌರಮ್ಮ ಬಂದರು. ಹೊನ್ನವಳ್ಳಿಯಲ್ಲಿ ಅವರದು ತೆಂಗಿನ ತೋಟ. ಸೆರಗಿನಲ್ಲಿ ನಾಲ್ಕು ಉಂಡೆ ಕೊಬ್ಬರಿ ಕಟ್ಟಿಕೊಂಡು ಬಂದು ನನ್ನ ಪೆಟ್ಟಿಗೆಗೆ ಹಾಕಿದರು.

"ಅಲ್ಲ ಕಣೇ ಸುಗುಣ, ನಿಮ್ ದೇವ್ರುನ್ನ ಈ ಕಡೀಕೆ ತಂದೋರೇ ಆ ಬಿಳೀ ಜನ. ಈಗ ನೀನು ಹೋಗಿ ಅವ್ರಿಗೇ ಹೇಳ್ಕೊಡ್ತೀಯಾ?" ಎಂದರು.

ಹಗ್ಗ ಬಿಗಿಯುತ್ತಿದ್ದ ಅಪ್ಪ ತಲೆ ಎತ್ತದೆ, "ಅವ್ರು ಮರ್ತುಬುಟ್ಟವ್ರೆ ಗೌರಮ್ಮ. ಇವ್ಳು ಹೋಗಿ ಜ್ಞಾಪಿಸ್ತಾಳೆ ಬುಡಿ" ಎಂದರು.

ಅಪ್ಪ ಹಾಗೆ ಧೈರ್ಯವಾಗಿ ಹೇಳಿದರೂ ರೈಲು ಅಮ್ಮಸಂದ್ರದ ಸಿಮೆಂಟ್ ಕಾರ್ಖಾನೆ ದಾಟುವಷ್ಟರಲ್ಲಿ ನನ್ನ ಧೈರ್ಯ ಅರ್ಧವಾಗಿತ್ತು. ನನಗಿದ್ದ ದೊಡ್ಡ ಹೆದರಿಕೆ ಇಂಗ್ಲಿಷಿನದು. ಎಸ್ಸೆಸ್ಸೆಲ್ಸಿವರೆಗೆ ನಾನು ಕನ್ನಡ ಮಾಧ್ಯಮ. ಇಂಗ್ಲಿಷ್ ಓದಿದರೆ ಅರ್ಥವಾಗುತ್ತಿತ್ತು, ಬರೆಯಲೂ ಬರುತ್ತಿತ್ತು. ಆಡಬೇಕೆಂದರೆ ನಾಲಿಗೆ ತಡವರಿಸುತ್ತಿತ್ತು.

ಹೆದರಿದಂತೆಯೇ ಆಯಿತು. ಪಾದ್ರಿಯವರು ವಿದ್ಯಾರ್ಥಿನಿಯರ ಹಾಸ್ಟೆಲಿನಲ್ಲೇ ನನಗೊಂದು ಕೋಣೆ ಕೊಡಿಸಿದ್ದರು. ವಿಶ್ವವಿದ್ಯಾಲಯದವರು ಗುರುವಾರ ಸಂಜೆ ಸಭೆ ನಡೆಸಲು ಒಂದು ಹಾಲ್ ಬಿಟ್ಟುಕೊಟ್ಟಿದ್ದರು. ನಾನು ಮಾತಾಡಬೇಕಾದ್ದನ್ನೆಲ್ಲ ಹಾಳೆಯಲ್ಲಿ ಬರೆದುಕೊಂಡು, ಇಪ್ಪತ್ತು ಕುರ್ಚಿ ಹಾಕಿ, ಚಹಾ ಕಾಯಿಸಿಟ್ಟು ಕಾಯುತ್ತಿದ್ದೆ. ಬರುತ್ತಿದ್ದವರು ಇಬ್ಬರು. ಚರ್ಚಿನ ಒಬ್ಬ ಅಜ್ಜಿ, ಕಟ್ಟಡದ ಕಾವಲುಗಾರ. ಆ ಅಜ್ಜಿಗೆ ಕಿವಿ ಕೇಳಿಸುತ್ತಿರಲಿಲ್ಲ. ಅಕ್ಟೋಬರ್ ಹೋಯಿತು, ಕ್ರಿಸ್ಮಸ್ ಹೋಯಿತು. ಜನವರಿಯಲ್ಲಿ ಪಾದ್ರಿಯವರು ತುಂಬಾ ಮೃದುವಾಗಿ, "ಈಸ್ಟರ್ ಕಳೆದ ಮೇಲೆ ಚರ್ಚಿನ ಸಭೆಯವರು ಕೂತು ಯೋಚಿಸುತ್ತಾರೆ. ವಾಪಸ್ಸು ಹೋಗಬೇಕಾಗಿ ಬಂದರೆ ಅದರಲ್ಲಿ ಅವಮಾನವೇನಿಲ್ಲ" ಎಂದರು. ಅವಮಾನ ಇಲ್ಲದೆ ಏನು. ತಿಪಟೂರು ಸ್ಟೇಷನ್ನಿನಲ್ಲಿ ಪೆಟ್ಟಿಗೆ ಹಿಡಿದು ಇಳಿಯುವ ನನ್ನ ಚಿತ್ರ ಆ ರಾತ್ರಿಯಿಡೀ ಕಣ್ಣ ಮುಂದೆ ಇತ್ತು.

ನನ್ನ ಪಕ್ಕದ ಕೋಣೆಯಲ್ಲಿ ಮುತಿಂಟಾ ಎಂಬ ಹುಡುಗಿ ಇದ್ದಳು. ಆಫ್ರಿಕಾದ ಜಾಂಬಿಯಾ ದೇಶದವಳು, ಕೃಷಿ ವಿಜ್ಞಾನದ ಮೊದಲ ವರ್ಷ. ತಂದೆ ಹಳ್ಳಿಯ ಶಾಲೆಯಲ್ಲಿ ಮೇಷ್ಟ್ರು. ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಬಂದಿದ್ದಳು. ಗುರುವಾರ ಬಾರಮ್ಮ ಎಂದು ಎಷ್ಟು ಸಲ ಕರೆದರೂ "ಓದುವುದಿದೆ ಸಿಸ್ಟರ್" ಎಂದು ನಕ್ಕು ಬಾಗಿಲು ಹಾಕಿಕೊಳ್ಳುತ್ತಿದ್ದಳು. ಬೆಳಗಿನ ಜಾವ ಐದಕ್ಕೆಲ್ಲ ಗೋಡೆಯಾಚೆಯಿಂದ ಅವಳ ಸಣ್ಣ ದನಿ ಒಂದೇ ಸಮನೆ ಗುನುಗುವುದು ಕೇಳಿಸುತ್ತಿತ್ತು. ಪ್ರಾರ್ಥನೆ ಮಾಡುತ್ತಾಳೆ ಅಂದುಕೊಂಡಿದ್ದೆ. ನನಗಿಂತ ಭಕ್ತೆ ಎಂದು ಸ್ವಲ್ಪ ನಾಚಿಕೆಯೂ ಆಗಿತ್ತು.

ಫೆಬ್ರವರಿಯ ಒಂದು ಮಧ್ಯಾಹ್ನ ಅವಳೇ ನನ್ನ ಬಾಗಿಲು ತಟ್ಟಿದಳು. ಕೈಯಲ್ಲಿ ಒಂದು ಕಾಗದ. ಅದನ್ನು ನನ್ನ ಕೈಗೆ ಕೊಟ್ಟಳು, ಓದಿದೆ. ಮಣ್ಣಿನ ವಿಜ್ಞಾನದ ಪರೀಕ್ಷೆಯಲ್ಲಿ ಅವಳು ಪುಸ್ತಕದ ಹಾಳೆಗಳನ್ನು ಕದ್ದು ತಂದು ನಕಲು ಮಾಡಿದ್ದಾಳೆಂದು ಅನುಮಾನ. ವಿಚಾರಣಾ ಸಮಿತಿಯ ಮುಂದೆ ಹಾಜರಾಗಬೇಕು. ಜೊತೆಗೆ ಒಬ್ಬರನ್ನು ಕರೆತರಬಹುದು. ಆರೋಪ ಸಾಬೀತಾದರೆ ವಿಶ್ವವಿದ್ಯಾಲಯದಿಂದ ಹೊರಗೆ.

"ನಾನು ನಕಲು ಮಾಡಿಲ್ಲ ಸಿಸ್ಟರ್. ಪರೀಕ್ಷೆ ನಡುವೆ ಒಂದು ಸಲ ಬಚ್ಚಲಿಗೆ ಹೋಗಿದ್ದೆ, ಅಷ್ಟೇ. ನನಗೆ ಇಲ್ಲಿ ಬೇರೆ ಯಾರೂ ಗೊತ್ತಿಲ್ಲ. ನೀವು ಬರುತ್ತೀರಾ?" ಎಂದಳು.

ಪಾದ್ರಿಯವರನ್ನು ಕೇಳಿದೆ. ಅವರು ಹಣೆ ಉಜ್ಜಿಕೊಂಡರು. "ಇದು ಅವರ ಒಳಗಿನ ವಿಷಯ ಸುಗುಣ. ನಮಗೆ ಆ ಹಾಲ್ ಕೊಟ್ಟಿರುವುದೇ ಅವರ ದೊಡ್ಡ ಮನಸ್ಸು. ಹೋಗಿ ಪಕ್ಕದಲ್ಲಿ ಕೂತುಕೊಳ್ಳಿ. ಮಾತು ಬೇಡ" ಎಂದರು.

ವಿಚಾರಣೆಯ ಕೋಣೆಯಲ್ಲಿ ಉದ್ದನೆಯ ಮೇಜು. ಆಚೆ ಬದಿ ಮೂವರು ಪ್ರಾಧ್ಯಾಪಕರು. ನಡುವೆ ಬಿಳಿ ಗಡ್ಡದ ಅಧ್ಯಕ್ಷರು, ಅವರ ಎಡಕ್ಕೆ ದೂರು ಕೊಟ್ಟ ಮಣ್ಣಿನ ವಿಜ್ಞಾನದ ಪ್ರಾಧ್ಯಾಪಕರು. ಒಬ್ಬ ಹೆಂಗಸು ಮೂಲೆಯಲ್ಲಿ ಎಲ್ಲವನ್ನೂ ಬರೆದುಕೊಳ್ಳುತ್ತಿದ್ದರು.

ಅಧ್ಯಕ್ಷರು ಉತ್ತರಪತ್ರಿಕೆಯನ್ನೂ ಪುಸ್ತಕವನ್ನೂ ಪಕ್ಕಪಕ್ಕ ಇಟ್ಟರು. "ನಿಮ್ಮ ಎರಡು ಉತ್ತರಗಳು ಪುಸ್ತಕದಲ್ಲಿರುವ ಹಾಗೆಯೇ ಇವೆ. ಒಂದು ಅಕ್ಷರ ಆಚೀಚೆ ಇಲ್ಲ. ಪುಸ್ತಕದ ಈ ಪುಟದಲ್ಲಿ ಅಚ್ಚಿನ ತಪ್ಪಿನಿಂದ ಒಂದೇ ಪದ ಎರಡು ಸಲ ಬಂದಿದೆ. ನಿಮ್ಮ ಉತ್ತರದಲ್ಲೂ ಅದು ಎರಡು ಸಲ ಇದೆ. ಪುಸ್ತಕ ನೋಡದೆ ಇದು ಹೇಗೆ ಸಾಧ್ಯ?"

"ನಾನು ನೋಡಿಲ್ಲ ಸರ್" ಎಂದಷ್ಟೇ ಮುತಿಂಟಾ ಹೇಳಿದಳು. ಕಣ್ಣಲ್ಲಿ ನೀರು ಬಂತು. ಅಪರಾಧಿಯೇ ಸರಿ ಎಂಬ ಹಾಗೆ ಮೇಜಿನಾಚೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಅಚ್ಚಿನ ತಪ್ಪು ಎಂಬ ಮಾತು ಕಿವಿಗೆ ಬಿದ್ದದ್ದೇ ನನಗೆ ಗೋಡೆಯಾಚೆಯ ಆ ಗುನುಗು ನೆನಪಾಯಿತು. ಅದು ಪ್ರಾರ್ಥನೆಯಲ್ಲ, ಪಾಠ. ಬಾಯಿಪಾಠ. ನಾನು ಮಾತಾಡಬಾರದೆಂಬುದು ಮರೆತೇ ಹೋಯಿತು.

"ಸರ್, ಪುಸ್ತಕ ಅವಳ ತಲೆಯಲ್ಲಿದೆ" ಎಂದೆ.

ಅಧ್ಯಕ್ಷರು ನನ್ನ ಕಡೆ ತಿರುಗಿದರು. "ಇಡೀ ಪುಸ್ತಕವೇ? ಹಾಗೆ ಯಾರು ಓದುತ್ತಾರೆ?"

"ನಮ್ಮೂರಲ್ಲಿ ಎಲ್ಲರೂ ಓದುತ್ತಿದ್ದೆವು ಸರ್. ನಾನೂ ಓದಿದ್ದೇನೆ."

ಬರೆದುಕೊಂಡು ಬಂದ ಹಾಳೆ ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನಾನು ತುರುವೇಕೆರೆಯಲ್ಲಿ ಹೈಸ್ಕೂಲು ಓದುವಾಗ ಇಂಗ್ಲಿಷ್ ಪ್ರಬಂಧಗಳ ಒಂದು ಗೈಡು ಇತ್ತು. ಕುದುರೆಯ ಬಗ್ಗೆ ಪ್ರಬಂಧ. 'ಹಾರ್ಸ್' ಎಂದಿರಬೇಕಾದ ಕಡೆ 'ಹೌಸ್' ಎಂದು ಅಚ್ಚಾಗಿತ್ತು. ನಮಗೆ ಅದೆಲ್ಲ ಎಲ್ಲಿ ಗೊತ್ತಾಗಬೇಕು. ಪರೀಕ್ಷೆಯಲ್ಲಿ ತರಗತಿಯ ಅರ್ಧಕ್ಕರ್ಧ ಜನ, ಮನೆಗೆ ನಾಲ್ಕು ಕಾಲಿವೆ, ಮನೆ ಹುಲ್ಲು ತಿನ್ನುತ್ತದೆ, ಮನೆ ವೇಗವಾಗಿ ಓಡುತ್ತದೆ ಎಂದು ಬರೆದೆವು. ಮೇಷ್ಟ್ರು ಪತ್ರಿಕೆಗಳನ್ನು ಮೇಜಿನ ಮೇಲೆ ಹಾಕಿ, "ಏನ್ರಮ್ಮಾ, ನಿಮ್ ಮನೆಗಳೆಲ್ಲ ಹುಲ್ಲು ಮೇಯಕ್ಕೆ ಯಾವ್ ಕಡೆ ಹೋಯ್ತವೆ?" ಎಂದಿದ್ದರು.

ಮೂಲೆಯಲ್ಲಿ ಬರೆದುಕೊಳ್ಳುತ್ತಿದ್ದ ಹೆಂಗಸು ಪೆನ್ನು ನಿಲ್ಲಿಸಿ ಬಾಯಿಗೆ ಕೈ ಅಡ್ಡ ಹಿಡಿದರು.

"ನಕಲು ಮಾಡುವವರಿಗೆ ಭಯವಿರುತ್ತದೆ, ತಪ್ಪನ್ನು ತಿದ್ದಿ ಬರೆಯುತ್ತಾರೆ. ಬಾಯಿಪಾಠ ಮಾಡಿದವರು ತಪ್ಪನ್ನೂ ಬಿಡುವುದಿಲ್ಲ ಸರ್. ನಿಮಗೆ ಬೇಕಾದ ಪುಟ ತೆಗೆದು ಕೇಳಿ" ಎಂದೆ. ನನ್ನ ಊಹೆ ತಪ್ಪಾಗಿದ್ದರೆ ಅವಳನ್ನು ನಾನೇ ಮುಳುಗಿಸಿದಂತೆ.

ಅಧ್ಯಕ್ಷರು ಪುಸ್ತಕವನ್ನು ಎಲ್ಲೋ ನಡುವೆ ತೆರೆದು ಒಂದು ಶೀರ್ಷಿಕೆ ಓದಿದರು. ಮುತಿಂಟಾ ಕೂತಲ್ಲೇ ಎರಡು ಸಾಲು ಹೇಳಿದಳು. ಅಲ್ಲಿಗೆ ನಿಲ್ಲಿಸಿದಳು. ಮತ್ತೆ ಮೊದಲಿನಿಂದ ಹೇಳಿದಳು. ಅದೇ ಜಾಗದಲ್ಲಿ ತಡವರಿಸಿದಳು. ದೂರು ಕೊಟ್ಟ ಪ್ರಾಧ್ಯಾಪಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

ನನಗೆ ತಟ್ಟನೆ ಹೊಳೆಯಿತು. "ಸರ್, ಅವಳು ಎದ್ದು ನಿಲ್ಲಲಿ. ಪಾಠ ಒಪ್ಪಿಸುವುದು ಕೂತುಕೊಂಡು ಅಲ್ಲ."

ಅಧ್ಯಕ್ಷರು ತಲೆಯಾಡಿಸಿದರು. ಮುತಿಂಟಾ ಎದ್ದಳು. ಕುರ್ಚಿಯನ್ನು ಹಿಂದಕ್ಕೆ ಸರಿಸಿ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಯಾರ ಮುಖವನ್ನೂ ನೋಡದೆ ಕಿಟಕಿಯ ಕಡೆ ತಿರುಗಿ ನಿಂತಳು. ಸಾವಿರಾರು ಮೈಲಿ ಆಚೆಯ ಅವಳ ಹಳ್ಳಿಯಲ್ಲೂ ಮಕ್ಕಳು ಹಾಗೆಯೇ ನಿಲ್ಲುತ್ತಾರೆಂಬುದು ನನಗೆ ಆ ಕ್ಷಣ ಗೊತ್ತಾಯಿತು. ಉಸಿರೆಳೆದುಕೊಂಡು ಶುರು ಮಾಡಿದಳು.

ಆಮೇಲೆ ಅವಳು ನಿಲ್ಲಿಸಲೇ ಇಲ್ಲ. ಕೊಳವೆ ಬಾವಿಯ ನೀರು ಚಿಮ್ಮಿದ ಹಾಗೆ ಬಂತು. ಒಂದು ಪುಟ ಮುಗಿಯಿತು. ಅಧ್ಯಕ್ಷರು ಬೇರೆ ಪುಟ ತೆಗೆದರು, ಅದೂ ಮುಗಿಯಿತು. ಮೂರನೆಯದು ಆ ಅಚ್ಚಿನ ತಪ್ಪಿದ್ದ ಪುಟ. ಎಲ್ಲರೂ ಪುಸ್ತಕದ ಮೇಲೆ ಬಗ್ಗಿದರು. ಆ ಜಾಗ ಬಂದಾಗ ಅವಳು ಆ ಪದವನ್ನು ಸರಾಗವಾಗಿ ಎರಡು ಸಲ ಹೇಳಿ ಮುಂದಕ್ಕೆ ಹೋದಳು. ಅಧ್ಯಕ್ಷರ ಬೆರಳು ಪುಟದ ಮೇಲೆ ಹಾಗೇ ನಿಂತಿತು.

"ಸಾಕು" ಎಂದರು.

ದೂರು ಕೊಟ್ಟವರು ಕೇಳಿದರು, "ಬಾಯಿಪಾಠ ಸರಿ. ಅರ್ಥವಾಗಿದೆಯೇ? ತಗ್ಗಿನ ಹೊಲದಲ್ಲಿ ಮಣ್ಣಿನ ಮೇಲೆ ಬಿಳಿ ಉಪ್ಪು ಯಾಕೆ ಬರುತ್ತದೆ, ಹೇಳು ನೋಡೋಣ."

ಮುತಿಂಟಾ ಈಗ ಅವರ ಮುಖವನ್ನೇ ನೋಡಿ ಮಾತಾಡಿದಳು. ತನ್ನ ತಂದೆಯ ಜೋಳದ ಹೊಲದ ಕೆಳಗಿನ ಮೂಲೆ, ಅಲ್ಲಿ ನಿಲ್ಲುವ ನೀರು, ಬಿಸಿಲಿಗೆ ನೀರು ಆರಿ ಉಪ್ಪು ಮೇಲೆ ಉಳಿಯುವುದು, ಅವಳ ತಾಯಿ ಅಲ್ಲಿ ಏನೂ ಬೆಳೆಯದೆಂದು ಬಿಟ್ಟದ್ದು, ಎಲ್ಲವನ್ನೂ ತಪ್ಪು ತಪ್ಪು ಇಂಗ್ಲಿಷಿನಲ್ಲಿ ಸೊಗಸಾಗಿ ಬಿಡಿಸಿ ಹೇಳಿದಳು.

"ಇದನ್ನೇ ಬರೆಯಬಹುದಿತ್ತಲ್ಲ" ಎಂದರು ಅವರು, ದನಿ ತಗ್ಗಿಸಿ.

"ನನ್ನ ಇಂಗ್ಲಿಷಿನಲ್ಲಿ ಬರೆದರೆ ನಿಮಗೆ ಹಿಡಿಸುವುದಿಲ್ಲ ಅಂತ ಪುಸ್ತಕದ ಇಂಗ್ಲಿಷಿನಲ್ಲೇ ಬರೆದೆ ಸರ್" ಎಂದಳು ಮುತಿಂಟಾ.

ನಮ್ಮನ್ನು ಹೊರಗೆ ಕೂರಿಸಿ ಹದಿನೈದು ನಿಮಿಷದಲ್ಲಿ ಮತ್ತೆ ಕರೆದರು. ಆರೋಪ ಕೈಬಿಟ್ಟಿದ್ದೇವೆ ಎಂದು ಅಧ್ಯಕ್ಷರು ಹೇಳಿದರು. ಮಣ್ಣಿನ ವಿಜ್ಞಾನದವರು ಮೇಜು ಸುತ್ತಿ ಬಂದು ಅವಳ ಕೈ ಕುಲುಕಿ, "ತಪ್ಪು ನನ್ನದು. ಮುಂದಿನ ಸಲ ನಿಮ್ಮ ಇಂಗ್ಲಿಷಿನಲ್ಲೇ ಬರೆಯಿರಿ" ಎಂದರು. ಅಧ್ಯಕ್ಷರು ನನ್ನನ್ನು, "ನೀವು ಯಾವ ವಿಭಾಗದವರು?" ಎಂದು ಕೇಳಿದರು. "ಗುರುವಾರದ ಸಭೆಯವಳು ಸರ್" ಎಂದೆ. ಅವರಿಗೆ ಅರ್ಥವಾದಂತೆ ಕಾಣಲಿಲ್ಲ.

ಹೊರಗೆ ಬಂದರೆ ಹಿಮ ಉದುರುತ್ತಿತ್ತು. ಮುತಿಂಟಾ ಮೆಟ್ಟಿಲ ಮೇಲೆ ನನ್ನನ್ನು ತಬ್ಬಿಕೊಂಡು ಅತ್ತಳು, ಆಮೇಲೆ ನಕ್ಕಳು. "ಸಿಸ್ಟರ್, ಮೂರನೇ ಪುಟವನ್ನು ಅವರು ಮಧ್ಯದಲ್ಲೇ ನಿಲ್ಲಿಸಿಬಿಟ್ಟರು. ನನಗೆ ತಡೆಯಲಾಗುತ್ತಿಲ್ಲ. ಮುಗಿಸಿಬಿಡಲೇ?" ಎಂದಳು. ಬಸ್ ನಿಲ್ದಾಣದವರೆಗೂ ಹಿಮದಲ್ಲಿ ನಡೆಯುತ್ತ ಅವಳು ಮಣ್ಣಿನ ಪಾಠ ಒಪ್ಪಿಸಿದಳು. ನಾನು ಮೇಷ್ಟ್ರ ಹಾಗೆ ಹೂಂಗುಟ್ಟುತ್ತ ಕೇಳಿದೆ.

ಆ ಗುರುವಾರ ಹಾಲ್‌ನ ಬಾಗಿಲು ತೆರೆದಾಗ ಮುತಿಂಟಾ ಆಗಲೇ ಬಂದು ನಿಂತಿದ್ದಳು. ಹಿಂದೆ ಹನ್ನೊಂದು ಮಂದಿ. ಜಾಂಬಿಯಾದವರು, ನೈಜೀರಿಯಾದವರು, ಮಲೇಷ್ಯಾದ ಇಬ್ಬರು ಹುಡುಗಿಯರು. ವಿಷಯ ಹಾಸ್ಟೆಲೆಲ್ಲ ಹರಡಿತ್ತು. ಒಬ್ಬಳು ನೇರವಾಗಿ, "ಕಷ್ಟಕ್ಕೆ ಜೊತೆಯಲ್ಲಿ ಬರುವ ಸಿಸ್ಟರ್ ನೀವೇ ಅಲ್ಲವೇ?" ಎಂದು ಕೇಳಿದಳು. ನಾನು ಬರೆದಿಟ್ಟುಕೊಂಡಿದ್ದ ಹಾಳೆಗಳನ್ನು ಮಡಚಿ ಬ್ಯಾಗಿಗೆ ಹಾಕಿದೆ. ಅಂದು ಅವರೇ ಮಾತಾಡಿದರು. ಚಹಾ ಎರಡು ಸಲ ಕಾಯಿಸಬೇಕಾಯಿತು. ಮುಂದಿನ ವಾರದಿಂದ ಬೈಬಲ್ಲಿನ ಸುವಾರ್ತೆಯನ್ನು ಒಬ್ಬೊಬ್ಬರೂ ಒಂದೊಂದು ಭಾಗ ಓದುತ್ತ, ತೋಚಿದ್ದನ್ನು ಕೇಳುತ್ತ ಸಾಗಿದೆವು. ಕೆಲವರು ಯೇಸುವನ್ನು ನಂಬಿದರು, ಕೆಲವರು ಸ್ನೇಹಕ್ಕಾಗಿಯೇ ಬಂದರು. ಎಲ್ಲರಿಗೂ ಕುರ್ಚಿ ಇತ್ತು. ಈಸ್ಟರ್ ಹೊತ್ತಿಗೆ ಕುರ್ಚಿ ಸಾಲದೆ ಪಕ್ಕದ ಕೋಣೆಯಿಂದ ಹೊತ್ತು ತಂದೆವು. ಸಭೆಯವರು ನನ್ನನ್ನು ವಾಪಸ್ಸು ಕಳಿಸುವ ಮಾತನ್ನು ಮತ್ತೆ ಎತ್ತಲಿಲ್ಲ. ೧೯೮೬ರವರೆಗೆ ನಾನು ಅಲ್ಲೇ ಇದ್ದೆ.

ಆ ಐದು ವರ್ಷ ನಾನು ತಯಾರಿ ಮಾಡಿ ಆಡಿದ ಮಾತುಗಳಲ್ಲಿ ಒಂದೂ ಈಗ ನೆನಪಿಲ್ಲ. ಆದರೆ ಕೈ ಹಿಂದೆ ಕಟ್ಟಿಕೊಂಡು ಕಿಟಕಿಗೆ ಮುಖ ಮಾಡಿ ನಿಂತ ಆ ಹುಡುಗಿಯ ದನಿ ಇವತ್ತಿಗೂ ಕಿವಿಯಲ್ಲಿದೆ. ಕನ್ನಡ ಶಾಲೆಯಲ್ಲಿ ಓದಿದವಳು, ಬಾಯಿಪಾಠದವಳು ಎಂದು ನಾನು ನನ್ನ ಬಗ್ಗೆ ಬಹಳ ವರ್ಷ ನಾಚಿಕೊಂಡಿದ್ದೆ. ಅಂಥವಳೇ ಅಂದು ಆ ಮೇಜಿನ ಮುಂದೆ ಬೇಕಾಗಿತ್ತು. ದೇವರು ನಿನ್ನನ್ನು ಅಷ್ಟು ದೂರ ಕಳಿಸಿದ್ದು ಯಾಕೆ ಎಂದು ಯಾರಾದರೂ ಕೇಳಿದರೆ ನಾನು ಯೋಚಿಸಲು ಹೋಗುವುದಿಲ್ಲ. ಒಬ್ಬಳ ಪಕ್ಕದ ಕುರ್ಚಿ ಖಾಲಿ ಇತ್ತು, ಅದರಲ್ಲಿ ಕೂರಲಿಕ್ಕೆ ಎನ್ನುತ್ತೇನೆ.