ಎತ್ತು ಕಟ್ಟಿ ಆಡಿದ ಆಟ

ಮೊನ್ನೆ ನಾವು ಮಳವಳ್ಳಿಗೆ ಹೊರಟಿದ್ದ ಬಸ್ಸು ಭಾರತೀನಗರದ ಹತ್ತಿರ ನಿಂತುಬಿಟ್ಟಿತು. ಕಿಟಕಿಯಿಂದ ಕಬ್ಬಿನ ಸೋಗೆಯ ಹಸಿ ವಾಸನೆ ನುಗ್ಗಿತು. ಇಣುಕಿ ನೋಡಿದರೆ ಕಾರ್ಖಾನೆಯ ಕಡೆಗೆ ಗಾಡಿಗಳ ಉದ್ದನೆಯ ಸಾಲು, ಹುಣಸೆ ಮರದ ಕೆಳಗೆ ಹಾಸಿದ ಒಂದು ಟವೆಲ್ಲು, ಅದರ ಸುತ್ತ ಐದಾರು ತಲೆ. ಇಸ್ಪೀಟು! ನನ್ನ ಬೆರಳುಗಳು ಜುಂ ಎಂದವು. ಪಿಂಚಣಿ ತಿನ್ನುವ ಮೇಷ್ಟ್ರ ಬೆರಳು ಹಾಗೆಲ್ಲ ಅನ್ನಬಾರದು ನೋಡಿ, ಆದರೂ ಅಂದವು.

ನನ್ನ ಶಿಷ್ಯರು ಯಾರಾದರೂ ಇದನ್ನು ಓದುತ್ತಿದ್ದರೆ ಅವರಿಗೆ ನೆನಪಿರಬೇಕು. ವರ್ಷಕ್ಕೊಮ್ಮೆ, ಯುಗಾದಿಯ ಮಾರನೆಯ ದಿನ, ನಾನು ತರಗತಿಯಲ್ಲಿ ಜೂಜಿನ ಮೇಲೆ ಭಾಷಣ ಬಿಗಿಯುತ್ತಿದ್ದೆ. ನಾನೂ ಆಡಿದವನೇ, ಒಂದು ದಿನ ಬುದ್ಧಿ ಬಂತು, ಎದ್ದು ಬಂದೆ, ಮತ್ತೆ ಇಸ್ಪೀಟಿನ ಎಲೆ ಮುಟ್ಟಲಿಲ್ಲ ಎಂದು ಎದೆ ಉಬ್ಬಿಸಿ ಹೇಳುತ್ತಿದ್ದೆ. ಆಡಿದ್ದು ನಿಜ. ಎದ್ದು ಬಂದದ್ದೂ ನಿಜ. ಬುದ್ಧಿ ಬಂತು ಎಂಬ ನಡುವಿನ ಮಾತು ಮಾತ್ರ ಶುದ್ಧ ಸುಳ್ಳು.

ಮದ್ದೂರಿಗೂ ಮಂಡ್ಯಕ್ಕೂ ನಡುವೆ ನಮ್ಮೂರು. ನಾಲೆಯ ನೀರು ಆಗತಾನೆ ಹೊಲಗಳಿಗೆ ಬಂದಿತ್ತು, ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಆಗತಾನೆ ಹೊಗೆ ಬಿಡಲು ಶುರುಮಾಡಿತ್ತು. ನಾನು ಲೋವರ್ ಸೆಕೆಂಡರಿ ಪಾಸು ಮಾಡಿ, ನಮ್ಮ ಮನೆತನದಲ್ಲೇ ಹೆಚ್ಚು ಓದಿದವನು ಎಂಬ ಗತ್ತಿನಲ್ಲಿ ಜಗಲಿಯ ಮೇಲೆ ಕೂತಿದ್ದೆ. ಅಪ್ಪ ತೀರಿಹೋಗಿದ್ದರು. ಅವ್ವ ಕೊರಳಿನ ಅಡ್ಡಿಕೆ ಮಾರಿ ಒಂದು ಜೊತೆ ಹಳ್ಳೀಕಾರ್ ಎತ್ತು ತಂದಿದ್ದಳು. ಮನೆಯ ಮೂರೆಕರೆ ಉಳಬೇಕಾದರೆ ಆ ಎತ್ತುಗಳೇ ಗತಿ. ಬೇರೆಯವರನ್ನು ಬಾಡಿಗೆಗೆ ಕರೆಯುವಷ್ಟು ಶಕ್ತಿ ನಮಗಿರಲಿಲ್ಲ.

ಯುಗಾದಿಯ ಬೆಳಿಗ್ಗೆ ನಮ್ಮ ಕಡೆ ಹೊನ್ನಾರು ಕಟ್ಟುತ್ತಾರೆ. ಎತ್ತಿಗೆ ಮೈತೊಳೆದು, ಕೊಂಬಿಗೆ ಹೂ ಸುತ್ತಿ, ವರ್ಷದ ಮೊದಲ ಸಾಲು ಉಳುವುದು. ಮಧ್ಯಾಹ್ನ ಒಬ್ಬಟ್ಟು ಉಂಡ ಮೇಲೆ ಅದೇ ಜನ ಅರಳಿಕಟ್ಟೆಯಲ್ಲಿ ಎಲೆ ಹಿಡಿದು ಕೂರುತ್ತಾರೆ. ಅವತ್ತು ಆಡಿದರೆ ತಪ್ಪಿಲ್ಲ. ವರ್ಷದ ಅದೃಷ್ಟ ನೋಡುವುದಷ್ಟೇ, ನೋಡಿ ಎದ್ದುಬಿಡಬೇಕು. ಆ ಯುಗಾದಿಯಲ್ಲಿ ನಾನು ಮುಟ್ಟಿದ ಎಲೆಯೆಲ್ಲ ಗೆದ್ದಿತು. ಊರವರು ನಕ್ಕು ಮರೆತರು. ನಾನೊಬ್ಬನೇ ಅದನ್ನು ನಂಬಿ ಕೂತೆ.

ಅಷ್ಟರಲ್ಲಿ ಕಬ್ಬು ಸಾಗಿಸುವ ಕಾಲ ಬಂತು. ಅವರಿವರ ಕಬ್ಬನ್ನು ಗಾಡಿಗೆ ಹೇರಿ ಕಾರ್ಖಾನೆಗೆ ಮುಟ್ಟಿಸಿದರೆ ಟ್ರಿಪ್ಪಿಗಿಷ್ಟು ಎಂದು ಬಾಡಿಗೆ. ಗಾಡಿ ಹೊಡೆದೆ, ದುಡ್ಡು ಕೈಗೆ ಬಂತು. ಸಾಲಿನಲ್ಲಿ ಕಾಯುವಾಗ ಇಸ್ಪೀಟು, ಅಲ್ಲೂ ಒಂದಿಷ್ಟು ಬಂತು. ಒಂದಿಷ್ಟು ಹೋಯಿತು ಕೂಡ, ಆದರೆ ಹೋದದ್ದನ್ನು ಯಾರು ನೆನಪಿಡುತ್ತಾರೆ ಹೇಳಿ. ಇಂಥ ಹೊತ್ತಿನಲ್ಲಿ ನಮ್ಮ ಸೋದರಮಾವ ಯಾರ್ಯಾರನ್ನೋ ಹಿಡಿದು ನನಗೆ ಮಳವಳ್ಳಿಯ ಕಡೆ ಮೇಷ್ಟ್ರ ಕೆಲಸ ಕೊಡಿಸಿದರು. ತಿಂಗಳಿಗೆ ಹದಿನೈದು ರೂಪಾಯಿ. ಸೋಮವಾರದೊಳಗೆ ಹಾಜರಾಗದಿದ್ದರೆ ಅದು ಇನ್ನೊಬ್ಬರ ಪಾಲು.

ನಾನು ಹೋಗುವುದಿಲ್ಲ ಎಂದೆ. ಗಾಡಿಯಲ್ಲೂ ಎಲೆಯಲ್ಲೂ ಅದಕ್ಕಿಂತ ಹೆಚ್ಚು ದುಡಿಯುತ್ತೇನೆ, ಮಕ್ಕಳ ಮೂಗು ಒರೆಸುವ ಕರ್ಮ ನನಗೇಕೆ ಎಂದು ವಾದ ಹೂಡಿದೆ. ಅವ್ವ ರಾಗಿ ಬೀಸುತ್ತಿದ್ದಳು. ಬೀಸುವುದನ್ನು ನಿಲ್ಲಿಸಲೂ ಇಲ್ಲ.

"ಗಾಡಿ ಓಡೋ ದಿನ ದುಡ್ಡು ಬತ್ತದೆ, ಸರಿ ಕಣಪ್ಪ. ಗಾಡಿ ನಿಂತ್ ದಿನಾನೂ ಎತ್ತು ಮೇಯ್ತವೆ, ನೀನೂ ಉಣ್ತೀಯ. ಆ ದಿನುಕ್ಕೆ ಯಾರ್ ಕೊಡ್ತಾರೆ?"

ವಾದದಲ್ಲಿ ಸೋತಾಗ ಆ ವಯಸ್ಸಿನವರು ಮಾಡುವಂತೆ ನಾನೂ ಮುಖ ಊದಿಸಿಕೊಂಡು ಗಾಡಿ ಕಟ್ಟಿಕೊಂಡು ಹೋದೆ. ಅವತ್ತು ಶನಿವಾರ.

ಸಾಲು ಬೆಳೆದಿತ್ತು. ಕಾಯಬೇಕಾದಾಗ ಗಾಡಿಯವರು ಎತ್ತಿನ ಕೊರಳನ್ನು ನೊಗದಿಂದ ಬಿಚ್ಚಿ, ಗಾಡಿ ಮುಂದಕ್ಕೆ ಬಾಗದಂತೆ ಮೂಕಿಗೆ ಆನಿಕೆ ಕೊಟ್ಟು, ಎತ್ತುಗಳ ಮುಂದೆ ಸೋಗೆ ಎಸೆಯುತ್ತಾರೆ. ನಾನು ಅದಕ್ಕೂ ಸೋಮಾರಿ. ಕಟ್ಟಿದ ಎತ್ತನ್ನು ಕಟ್ಟಿದಂತೆಯೇ ಬಿಟ್ಟು ರಸ್ತೆ ಬದಿಯ ಮರದ ಕೆಳಗೆ ಓಡಿದೆ. ಅಲ್ಲಿ ಟವೆಲ್ಲು ಹಾಸಿ ಎಲೆ ಹಾಕುತ್ತಿದ್ದವನು ಗುತ್ತಲಿನ ಕೆಂಚಣ್ಣ, ಅವನೂ ಗಾಡಿಯವನೇ. ಆಟ ಒಳಗೆ–ಹೊರಗೆ. ಒಂದು ಎಲೆ ತೆರೆದಿಟ್ಟು, ಅದರ ಜೋಡಿ ಯಾವ ಕಡೆ ಬೀಳುತ್ತದೆ ಎಂದು ಹೇಳಬೇಕು, ಅಷ್ಟೇ. ಕೆಂಚಣ್ಣ ಮಾತಿಗೆ ತಪ್ಪದ ಮನುಷ್ಯ, ನಿಯಮದಲ್ಲಿ ಕಟ್ಟುನಿಟ್ಟು. ಅವತ್ತೇ ಯಾರೋ ಊರಲ್ಲಿರುವ ತನ್ನ ಹೋತವನ್ನು ಪಣಕ್ಕಿಡುತ್ತೇನೆ ಎಂದಾಗ, ಕಣ್ಣಿಗೆ ಕಾಣದ್ದು ಪಣವಲ್ಲ ಎಂದು ಅವನನ್ನು ಎಬ್ಬಿಸಿ ಕಳಿಸಿದ್ದ.

ಮಧ್ಯಾಹ್ನದ ಹೊತ್ತಿಗೆ ನನ್ನ ಜೇಬು ಬರಿದಾಯಿತು. ಎದ್ದು ಹೋಗಬಹುದಿತ್ತು. ಆದರೆ ಯುಗಾದಿಯಲ್ಲಿ ಗೆದ್ದವನು ನಾನು. ಇನ್ನೊಂದೇ ಆಟಕ್ಕೆ ಎಲ್ಲ ವಾಪಸು ಬರುತ್ತದೆ ಎಂದು ಒಳಗಿನಿಂದ ಯಾರೋ ಹೇಳುತ್ತಲೇ ಇದ್ದರು. ಎತ್ತು ಪಣಕ್ಕೆ ಕಟ್ಟುತ್ತೇನೆ ಎಂದೆ. ಕೆಂಚಣ್ಣ ನನ್ನ ಮುಖವನ್ನೇ ನೋಡಿ, ಮತ್ತೊಂದು ಸಲ ಯೋಚನೆ ಮಾಡು ಎಂದ. ನಾನು ಮಾಡಲಿಲ್ಲ.

ಒಳಗೆ ಎಂದೆ. ಹೊರಗೆ ಬಿತ್ತು.

ಆ ಕ್ಷಣ ನನಗೆ ಕಂಡದ್ದು ಅವ್ವನ ಬರಿಗೊರಳು, ಬೇರೇನೂ ಅಲ್ಲ. ಕೆಂಚಣ್ಣ ನಿಧಾನವಾಗಿ ಎದ್ದು, ಪಂಚೆ ಕೊಡವಿ, ನನ್ನ ಗಾಡಿ ನಿಂತಿದ್ದ ಕಡೆ ತಿರುಗಿದ. ಅಲ್ಲಿ ಗಾಡಿ ಇರಲಿಲ್ಲ. ನಾನು ಪಣ ಕಟ್ಟುವ ಮೊದಲೇ ಯಾವಾಗಲೋ ಸಾಲು ಸರಿದಿದೆ. ಮುಂದಿನ ಗಾಡಿ ಹೊರಟಾಗ ನನ್ನ ಎತ್ತುಗಳು ರೂಢಿಯಂತೆ ಅದರ ಹಿಂದೆ ಹೆಜ್ಜೆ ಹಾಕಿವೆ. ಯಜಮಾನನಿಲ್ಲದೆ ಗೇಟು ದಾಟಿ ತೂಕಕ್ಕೆ ಹೋಗಿಬಿಟ್ಟಿವೆ!

ಕೆಂಚಣ್ಣ ಖಾಲಿ ಜಾಗವನ್ನು ನೋಡಿದ, ನನ್ನನ್ನು ನೋಡಿದ. ಉಳಿದವರೆಲ್ಲ ಅವನನ್ನು ನೋಡಿದರು. ಈಗ ಅವನಿಗೇ ಬೇಡವೆನಿಸಿದರೂ ಆ ನಿಯಮ ಅವನದೇ. ಒಂದು ಸಲ ಉಗಿದು ಹೇಳಿದ:

"ಕಣ್ಗೆ ಕಾಣ್ದಿದ್ದು ಪಣ ಅಲ್ಲ ಅಂದೋನು ನಾನೇ. ಓಗ್ಲಾ. ಇನ್ನೊಂದ್ ಸಲ ಈ ಟವಲ್ ತಾವ ಕಂಡ್ರೆ ಕಾಲ್ ಮುರೀತೀನಿ."

ನಾನು ಓಡಿದೆ. ಒಳಗೆ ಕಬ್ಬು ಇಳಿಸಿ ಆಗಿತ್ತು. ಮುಂದಿನ ಗಾಡಿಯ ಸಿದ್ದಯ್ಯ, ನಮ್ಮೂರಿನ ಮುದುಕ, ಗಾಡಿಗೆ ಸಿಕ್ಕಿಸಿದ್ದ ನನ್ನ ಸರದಿಯ ಚೀಟಿಯನ್ನೂ ಕೊಟ್ಟು ಎರಡೂ ಗಾಡಿಗಳ ತೂಕ ಮಾಡಿಸಿ ಕಾಯುತ್ತಿದ್ದ. ನಾನು ಎತ್ತಿನ ಕೊರಳು ತಬ್ಬಿಕೊಂಡು ಅತ್ತೆ. ಅವನಿಗೆ ಕಾರಣ ಗೊತ್ತಿಲ್ಲ.

"ನಿನ್ ಎತ್ಗೊಳ್ಗೆ ದುಡ್ಯೋದು ಗೊತ್ತದೆ ಕಣ್ಲಾ," ಎಂದ. "ನಿನ್ಗೇ ಇನ್ನೂ ಗೊತ್ತಾಗಿಲ್ಲ."

ಸೋಮವಾರ ನಾನು ಮಳವಳ್ಳಿಯಲ್ಲಿದ್ದೆ. ಅವ್ವ ಬುತ್ತಿ ಕಟ್ಟಿಕೊಟ್ಟಿದ್ದಳು. ಎತ್ತುಗಳು ಇನ್ನೂ ಬಹಳ ವರ್ಷ ನಮ್ಮ ಹೊಲ ಉತ್ತವು.

ಬಸ್ಸು ಇನ್ನೂ ಹೊರಟಿರಲಿಲ್ಲ. ನನಗೇನಾಯಿತೋ, ಈ ಕಥೆಯನ್ನೆಲ್ಲ ಮೊದಲ ಬಾರಿಗೆ ಪಕ್ಕದಲ್ಲಿ ಕೂತಿದ್ದ ಮನೆಯಾಕೆಗೆ ಹೇಳಿಬಿಟ್ಟೆ. ಅವಳು ಮಳವಳ್ಳಿಯವಳು. ನನ್ನ ಭಾಷಣವನ್ನು ಮಕ್ಕಳಿಗಿಂತ ಹೆಚ್ಚು ಸಲ ಕೇಳಿದವಳು. ಸೆರಗು ಬಾಯಿಗಿಟ್ಟುಕೊಂಡು ಮನಸಾರೆ ನಕ್ಕಳು. ಎದೆಯ ಮೇಲಿಂದ ಒಂದು ಮೂಟೆ ಇಳಿದ ಹಾಗಾಯಿತು ನನಗೆ. ಎತ್ತು ಉಳಿದವಲ್ಲ, ಅದೇ ನನ್ನ ಪುಣ್ಯ ಎಂದೆ.

ಅವಳು ನಗು ನಿಲ್ಲಿಸಿದಳು. "ಎತ್ತಿನ್ ಇಚಾರ ಬುಡಿ. ಆ ಎಲೆ ಒಳಗೇ ಬಿದ್ದಿದ್ರೆ?"

ಗೆದ್ದಿದ್ದರೆ? ಇಷ್ಟು ವರ್ಷದಲ್ಲಿ ಒಮ್ಮೆಯೂ ನಾನು ಅದನ್ನು ಯೋಚಿಸಿರಲಿಲ್ಲ. ಗೆದ್ದಿದ್ದರೆ ಇನ್ನೊಂದು ಆಟಕ್ಕೆ ಕೂರುತ್ತಿದ್ದೆ. ಭಾನುವಾರವೂ ಕೂರುತ್ತಿದ್ದೆ, ಸೋಮವಾರವೂ. ಹೆಣ್ಣು ನೋಡಲು ಹೋದಾಗ ಅವಳಪ್ಪ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ, ತಿಂಗಳು ತಿಂಗಳು ಸಂಬಳ ಬರುತ್ತದೆಯೇ ಎಂದು.

"ಗೆದ್ದಿದ್ರೆ ನಿಮ್ಮಪ್ಪ ಹೆಣ್ಣು ಕೊಡ್ತಿರಲಿಲ್ಲ ಕಣೇ," ಎಂದೆ.

ಅವಳು ಕಿಟಕಿಯ ಆಚೆ ಟವೆಲ್ಲಿನ ಸುತ್ತ ಬಾಗಿದ್ದ ತಲೆಗಳನ್ನು ನೋಡಿದಳು.

"ಸದ್ಯ," ಎಂದಳು, "ಸೋತ್ರಲ್ಲ."